ಕಾಣದ ಅಡ್ಡಗೆರೆ ಮತ್ತು ಪಿಎಚ್‌ಪಿ

ಪ್ರಶ್ನೆ: ನಮ್ಮ ಸಂಘದ ಜಾಲತಾಣವು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದ್ದು, ವಿಂಡೋಸ್ ಕಂಪ್ಯೂಟರೊಂದರಲ್ಲಿ ಎಕ್ಸಾಂಪ್ (ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್‌ಗಳನ್ನು ಒಟ್ಟಿಗೆ ಕೊಡುವ ತಂತ್ರಾಂಶದ ಕಟ್ಟು) ಮೂಲಕ ನಡೆಯುತ್ತಿದೆ. ಸಿವಿಇ-2024-4577 ಎಂಬ ಲೋಪದ ತೀವ್ರತೆಗೆ 10ರಲ್ಲಿ 9.8 ಅಂಕ ಕೊಟ್ಟಿದ್ದಾರೆಂದೂ, ಒಂದು ಅಡ್ಡಗೆರೆಯಿಂದ ಇಡೀ ಸರ್ವರ್ ಪರರ ವಶವಾಗಬಹುದೆಂದೂ ಓದಿದೆ. ಇದು ಹೇಗೆ ಸಾಧ್ಯ? ನಮಗೂ ಅಪಾಯವಿದೆಯೇ?

ಉತ್ತರ: ಅಪಾಯವಿದೆ ಎಂದೇ ಭಾವಿಸಿ. ಈ ಲೋಪದ ಬೇರು 2012ರಲ್ಲಿದೆ. ಪಿಎಚ್‌ಪಿಯನ್ನು ಸಿಜಿಐ ವಿಧಾನದಲ್ಲಿ (ವೆಬ್ ಸರ್ವರ್ ಪ್ರತಿ ಕೋರಿಕೆಗೂ ಅದನ್ನು ಪ್ರತ್ಯೇಕ ತಂತ್ರಾಂಶವಾಗಿ ಕರೆಯುವ ಬಗೆ) ಓಡಿಸಿದಾಗ, ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗದಲ್ಲಿ ಸಮ ಚಿಹ್ನೆ ಇಲ್ಲದಿದ್ದರೆ, ಹಳೆಯದೊಂದು ನಿಯಮದಂತೆ ಅದನ್ನು ಕಮಾಂಡ್ ಲೈನ್ ಸೂಚನೆಯೆಂದು (ತಂತ್ರಾಂಶವನ್ನು ಓಡಿಸುವಾಗ ಅದರ ಹೆಸರಿನ ಜೊತೆ ಕೊಡುವ ಆಜ್ಞೆ) ಪಿಎಚ್‌ಪಿಗೆ ಒಪ್ಪಿಸಲಾಗುತ್ತಿತ್ತು. ಹೀಗಾಗಿ ವಿಳಾಸದ ಕೊನೆಗೆ ಅಡ್ಡಗೆರೆ ಮತ್ತು ‘ಎಸ್’ ಅಕ್ಷರ ಸೇರಿಸಿದ ಯಾರಿಗೇ ಆದರೂ ಪುಟದ ಬದಲು ಅದರ ಮೂಲ ಕೋಡ್ ತೆರೆದುಕೊಳ್ಳುತ್ತಿತ್ತು. ಅಡ್ಡಗೆರೆ ಮತ್ತು ‘ಡಿ’ ಬಳಸಿ ಪಿಎಚ್‌ಪಿಯ ಸೆಟ್ಟಿಂಗ್ ಬದಲಿಸಿದರೆ, ತಾನು ಕಳಿಸಿದ ಕೋಡನ್ನೇ ಸರ್ವರ್‌ನಲ್ಲಿ ಓಡಿಸಬಹುದಾಗಿತ್ತು. ಆಗ ಹೊರಡಿಸಿದ ಮೊದಲ ತೇಪೆ (ಲೋಪ ಮುಚ್ಚುವ ತಿದ್ದುಪಡಿ) ಸಾಲದೆ, ಕೆಲವೇ ದಿನಗಳಲ್ಲಿ ಎರಡನೆಯದು ಬಂತು. ಆ ಭಾಗವು ಅಡ್ಡಗೆರೆಯಿಂದ ಆರಂಭವಾಗಿದ್ದರೆ ಅದನ್ನು ಸೂಚನೆಯೆಂದು ಪರಿಗಣಿಸಬಾರದು ಎಂಬುದೇ ಕೊನೆಗೆ ಉಳಿದ ಕಾವಲು.

ಆ ಕಾವಲಿಗೆ ಗೊತ್ತಿದ್ದುದು 45ನೆಯ ಸಂಕೇತದ (ಕಂಪ್ಯೂಟರ್ ಪ್ರತಿ ಅಕ್ಷರಕ್ಕೆ ಕೊಡುವ ಸಂಖ್ಯೆ) ಮಾಮೂಲಿ ಅಡ್ಡಗೆರೆ ಮಾತ್ರ. ಆದರೆ 173ನೆಯ ಸಂಕೇತದ್ದು ಇನ್ನೊಂದು ಗೆರೆಯಿದೆ: ಸಾಲು ತುಂಬಿದರೆ ಪದವನ್ನು ಇಲ್ಲಿ ಮುರಿಯಬಹುದೆಂದು ಹೇಳುವ, ಉಳಿದಂತೆ ಕಣ್ಣಿಗೆ ಕಾಣದ ಗುರುತು. (‘ರಾಜ್‌ಕುಮಾರ್’ ಎಂದು ಬೆರಳಚ್ಚಿಸುವಾಗ ಒತ್ತಕ್ಷರವಾಗದಂತೆ ತಡೆಯಲು ನಡುವೆ ಒಂದು ಕಾಣದ ಅಕ್ಷರ ಇಡುವ ನಮಗೆ ಇಂಥವು ಹೊಸತಲ್ಲ.) ವಿಂಡೋಸ್ ಒಂದು ಅಕ್ಷರಸಮೂಹದಿಂದ ಇನ್ನೊಂದಕ್ಕೆ ಪಠ್ಯವನ್ನು ಬದಲಿಸುವಾಗ, ಸರಿಸಮನಾದ ಅಕ್ಷರ ಸಿಗದಿದ್ದರೆ ಅದಕ್ಕೆ ಹತ್ತಿರದ್ದನ್ನು ಕೂರಿಸಿಬಿಡುತ್ತದೆ. ಕಾವಲು ನೋಡಿದ್ದು 173ನ್ನು, ಪಿಎಚ್‌ಪಿಯ ಕೈಗೆ ಬಂದದ್ದು 45. ಹನ್ನೆರಡು ವರ್ಷ ಮುಚ್ಚಿದ್ದ ಬಾಗಿಲು ಹೀಗೆ ತೆರೆಯಿತು. ಪಿಎಚ್‌ಪಿಯವರ ಅಜಾಗರೂಕತೆ ಎಂದು ಇದನ್ನು ತಳ್ಳಿಹಾಕುವುದು ನನ್ನ ಅಭಿಪ್ರಾಯದಲ್ಲಿ ನ್ಯಾಯವಲ್ಲ. ಎರಡು ತಂತ್ರಾಂಶಗಳ ನಡುವಿನ ಸಂದಿಯಲ್ಲಿ ನಡೆಯುವ ಇಂಥ ಅದಲುಬದಲು ಕೋಡ್ ಓದುವವರ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಪತ್ತೆಹಚ್ಚಿದವರು ತೈವಾನಿನ ಡೆವ್‌ಕೋರ್ ಸಂಸ್ಥೆಯ ಆರೆಂಜ್ ತ್ಸಾಯ್.

ಜಪಾನೀ ಹಾಗೂ ಎರಡೂ ಬಗೆಯ ಚೀನೀ ಲಿಪಿಯ ವಿಂಡೋಸ್‌ಗಳಲ್ಲಿ ದಾಳಿ ಸಾಧ್ಯವೆಂದು ಖಚಿತವಾಗಿದೆ. ಉಳಿದ ಭಾಷೆಯವುಗಳಿಗೆ ಅಪಾಯವಿಲ್ಲವೆಂದು ಪತ್ತೆಹಚ್ಚಿದವರೂ ಹೇಳಿಲ್ಲ. ಲಿನಕ್ಸ್ ಸರ್ವರ್‌ಗಳಿಗೆ ಈ ಲೋಪ ತಟ್ಟದು.

ನಿಮ್ಮ ವಿಷಯದಲ್ಲಿ ಒಂದು ಮೋಸವಿದೆ. ಎಕ್ಸಾಂಪ್‌ನಲ್ಲಿ ಪಿಎಚ್‌ಪಿಯ ಮಾಹಿತಿ ಪುಟವನ್ನು ತೆರೆದರೆ, ಅದು ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಮಾಡ್ಯೂಲ್ (ಒಳಭಾಗ) ಆಗಿ ನಡೆಯುತ್ತಿದೆಯೆಂದು ತೋರಿಸುತ್ತದೆ. ಸಿಜಿಐ ಇಲ್ಲವಲ್ಲ ಎಂದು ಸಮಾಧಾನವಾಗುತ್ತದೆ. ಆದರೆ ಅದರ ಮೂಲ ಸಂರಚನೆಯಲ್ಲಿ ‘ಸ್ಕ್ರಿಪ್ಟ್ ಅಲಿಯಾಸ್’ ಎಂಬ ಒಂದು ಸಾಲು ಇಡೀ ಪಿಎಚ್‌ಪಿ ಕಡತಕೋಶವನ್ನೇ ವೆಬ್ ವಿಳಾಸಕ್ಕೆ ಜೋಡಿಸಿಟ್ಟಿರುವುದರಿಂದ, ಸಿಜಿಐ ಕಡತವನ್ನು ಹೊರಗಿನವರು ನೇರವಾಗಿ ಕರೆಯಬಹುದು. ಆ ಸಾಲಿನ ಮುಂದೆ ಹ್ಯಾಷ್ ಚಿಹ್ನೆ (#) ಹಾಕಿ ಅದನ್ನು ನಿಷ್ಕ್ರಿಯಗೊಳಿಸಿ, ಅಪಾಚೆಯನ್ನು ಮರುಚಾಲನೆ ಮಾಡಿ. ಅನಂತರ ಪಿಎಚ್‌ಪಿಯನ್ನು 8.1.29, 8.2.20 ಅಥವಾ 8.3.8ಕ್ಕೆ, ಇಲ್ಲವೇ ಅವುಗಳ ಮುಂದಿನ ಆವೃತ್ತಿಗೆ ಏರಿಸಿ. ನಿಮ್ಮದು 8.0 ಅಥವಾ ಅದಕ್ಕಿಂತ ಹಳೆಯದಾಗಿದ್ದರೆ ಅದಕ್ಕೆ ತೇಪೆ ಬಂದಿಲ್ಲ, ಬರುವುದೂ ಇಲ್ಲ.

ಪ್ರಶ್ನೆ: ಆವೃತ್ತಿ ಏರಿಸಿದ ಮೇಲೆ ನಿಶ್ಚಿಂತರಾಗಿರಬಹುದೇ?

ಉತ್ತರ: ಈಗಾಗಲೇ ಒಳಹೊಕ್ಕವರನ್ನು ಹೊಸ ಆವೃತ್ತಿ ಹೊರಹಾಕುವುದಿಲ್ಲ. ಲೋಪ ಪ್ರಕಟವಾದದ್ದು 2024ರ ಜೂನ್ 6ರಂದು. ಮರುದಿನವೇ ದಾಳಿಯ ಯತ್ನಗಳು ಕಂಡುಬಂದವು, ಕೆಲವೇ ದಿನಗಳಲ್ಲಿ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವವರೂ ಇದನ್ನು ಬಳಸಿಕೊಂಡರು. ಆ ದಿನದಿಂದೀಚಿನ ಸರ್ವರ್ ಲಾಗ್‌ನಲ್ಲಿ (ತಾಣಕ್ಕೆ ಬಂದ ಕೋರಿಕೆಗಳ ದಾಖಲೆ), ಶೇಕಡಾ ಚಿಹ್ನೆಯ ಬೆನ್ನಿಗೇ ‘ಎಡಿ’ ಅಕ್ಷರಗಳಿರುವ ಕೋರಿಕೆಗಳನ್ನು ಹುಡುಕಿ. 173ನೆಯ ಸಂಕೇತ ವಿಳಾಸದಲ್ಲಿ ಕಾಣಿಸುವುದು ಆ ರೂಪದಲ್ಲಿ. ಸಿಕ್ಕಿದರೆ, ನೀವು ಇಡದ ಪಿಎಚ್‌ಪಿ ಕಡತಗಳೇನಾದರೂ ಇವೆಯೇ ನೋಡಿ, ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ, ಆ ದಿನಾಂಕಕ್ಕೂ ಹಿಂದಿನ ಬ್ಯಾಕಪ್‌ನಿಂದ ತಾಣವನ್ನು ಹೊಸದಾಗಿ ಸ್ಥಾಪಿಸಿ. ದಾಳಿಕೋರರು ಕಳಿಸಿದ ಕೋಡ್ ಕೋರಿಕೆಯ ಒಡಲಲ್ಲಿರುವುದರಿಂದ ಸಾಮಾನ್ಯ ಲಾಗ್‌ನಲ್ಲಿ ದಾಖಲಾಗುವುದಿಲ್ಲ. ಹಾಗಾಗಿ ಅವರು ಒಳಗೆ ಏನು ಮಾಡಿದರೆಂಬುದು ಲಾಗ್‌ನಿಂದ ತಿಳಿಯುವುದಿಲ್ಲ.