ಸಂಪಾದಕರ ಉತ್ತರ: ಕಾಡಿನಲ್ಲಿ ಜೊತೆಯಾದವರು ಊರಿನಲ್ಲಿ ಎದುರಾದರೆ ತಪ್ಪೇ?

ಮೂಡಿಗೆರೆಯ ಓದುಗರಿಗೆ ನಮಸ್ಕಾರಗಳು.

ಕಳೆದ ಸಂಚಿಕೆಯ ಕತೆಯಲ್ಲಿ, ತೋಟದ ಗಡಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆಯುತ್ತಿದ್ದ ಸಕಲೇಶಪುರದ ಕಡೆಯ ಇಬ್ಬರು ಬೆಳೆಗಾರರು ಆಷಾಢದ ಮಳೆಯಲ್ಲಿ ಬಿಸಿಲೆಯ ಕಾಡಿನೊಳಗೆ ದಾರಿ ತಪ್ಪಿ, ಒಬ್ಬರನ್ನೊಬ್ಬರು ಆತುಕೊಂಡು ಬದುಕಿ ಹೊರಬಂದ ಮೇಲೂ ಮೊಕದ್ದಮೆಯನ್ನು ಕೈಬಿಡದಿರುವುದು ತಮಗೆ ನೋವುಂಟುಮಾಡಿದೆ. ‘ಒಂದೇ ಕಂಬಳಿ ಹೊದ್ದವರು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುವುದಾದರೆ ಕಾಡಿನಲ್ಲಿ ಮಾಡಿದ ಸಹಾಯ ಬರೀ ಸ್ವಾರ್ಥ, ಇಂಥ ಕತೆಯನ್ನು ಏಕೆ ಪ್ರಕಟಿಸಿದಿರಿ?’ ಎಂದು ಕೇಳಿದ್ದೀರಿ. ಸ್ವಾರ್ಥವಿತ್ತೆಂಬುದನ್ನು ಒಪ್ಪುತ್ತೇನೆ, ಸ್ವಾರ್ಥವಿದ್ದ ಮಾತ್ರಕ್ಕೆ ಅದು ಕೀಳೆಂಬುದನ್ನು ಒಪ್ಪಲಾರೆ.

ಮಲೆನಾಡಿನ ಮಳೆಗಾಲದ ಚಳಿ ಎಂಥದ್ದೆಂದು ತಮಗೆ ನಾನು ಹೇಳಬೇಕಾಗಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುವುದರಿಂದ, ತೊಯ್ದ ಬಟ್ಟೆಯಲ್ಲಿ ಹಸಿದು ರಾತ್ರಿ ಕಳೆಯುವವನ ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯಲು ಹಿಮವೇ ಬೀಳಬೇಕೆಂದಿಲ್ಲ. ಮೊದಲು ನಡುಕ, ಆಮೇಲೆ ತೊದಲು, ಅನಂತರ ವಿವೇಚನೆ ತಪ್ಪುವುದು. ತನ್ನ ಬುದ್ಧಿ ಮಂಕಾಗುತ್ತಿರುವುದು ತನಗೆ ತಿಳಿಯದಿದ್ದರೂ ಪಕ್ಕದಲ್ಲಿರುವವನಿಗೆ ತಿಳಿಯುತ್ತದೆ. ಅವರಿಬ್ಬರೂ ಬೇರೆ ಬೇರೆ ದಾರಿ ಹಿಡಿಯದಿರಲು ಇಷ್ಟು ಕಾರಣ ಸಾಕು.

ಇನ್ನು ತಾವು ಕೇಳಿದ ಮುಖ್ಯ ಪ್ರಶ್ನೆ. ಮಹಾಭಾರತದ ಶಾಂತಿಪರ್ವದಲ್ಲಿ, ಆಪತ್ತಿನ ಕಾಲದ ಧರ್ಮ ಯಾವುದೆಂದು ಕೇಳಿದ ಯುಧಿಷ್ಠಿರನಿಗೆ ಭೀಷ್ಮನು ಒಂದು ಬೆಕ್ಕಿನ ಮತ್ತು ಇಲಿಯ ಕತೆಯನ್ನು ಹೇಳುತ್ತಾನೆ. ಕಾಡಿನ ಆಲದ ಮರದಡಿಯಲ್ಲಿ ಬೇಟೆಗಾರನ ಬಲೆಗೆ ಲೋಮಶನೆಂಬ ಬೆಕ್ಕು ಸಿಕ್ಕಿಬಿದ್ದಿರುತ್ತದೆ. ಬಿಲದಿಂದ ಹೊರಬಂದ ಪಲಿತನೆಂಬ ಇಲಿಯನ್ನು ಕೆಳಗೆ ಮುಂಗುಸಿಯೂ ಮೇಲೆ ಗೂಬೆಯೂ ಕಾಯುತ್ತಿರುತ್ತವೆ. ಇಲಿಯು ಬಲೆಯನ್ನು ಕಡಿದುಕೊಡುವ ಮಾತು ಕೊಟ್ಟು ಬೆಕ್ಕಿನ ಮೈಯಡಿಯಲ್ಲೇ ಆಶ್ರಯ ಪಡೆಯುತ್ತದೆ. ಮುಂಗುಸಿ, ಗೂಬೆಗಳು ನಿರಾಶೆಯಿಂದ ಹೊರಟುಹೋದ ಮೇಲೂ ಅದು ಆತುರಪಡದೆ, ಬೆಕ್ಕು ಎಷ್ಟು ಅವಸರಪಡಿಸಿದರೂ ನಿಧಾನವಾಗಿ ಕಡಿಯುತ್ತ, ಕೊನೆಯ ಎಳೆಯನ್ನು ಬೇಟೆಗಾರ ಕಣ್ಣಿಗೆ ಬೀಳುವವರೆಗೆ ಉಳಿಸಿಕೊಂಡಿರುತ್ತದೆ. ಆಗ ಬಿಡಿಸಿದರೆ ಬೆಕ್ಕಿಗೆ ಓಡುವುದಕ್ಕಲ್ಲದೆ ಬೇರೆ ಯಾವುದಕ್ಕೂ ಸಮಯವಿರುವುದಿಲ್ಲ. ಅಪಾಯ ಕಳೆದ ಮೇಲೆ ಬೆಕ್ಕು ಸ್ನೇಹಕ್ಕೆ ಕರೆದಾಗ, ಸ್ನೇಹದ ಕಾರಣ ಮುಗಿಯಿತೆಂದು ಇಲಿ ಬಿಲದಲ್ಲೇ ಉಳಿಯುತ್ತದೆ. ಇಲಿ ತನ್ನ ಪ್ರಾಣವನ್ನು ಕಾಯ್ದುಕೊಂಡಿತು, ಕೊಟ್ಟ ಮಾತನ್ನೂ ಉಳಿಸಿಕೊಂಡಿತು. ಅದನ್ನು ಕೃತಘ್ನವೆಂದು ಭೀಷ್ಮನು ಎಲ್ಲಿಯೂ ಹಳಿಯುವುದಿಲ್ಲ.

ಮನುಷ್ಯರಲ್ಲಿ ಹೀಗೆ ನಡೆಯುವುದಿಲ್ಲ ಎನ್ನುವಂತಿಲ್ಲ. 1940ರ ಏಪ್ರಿಲ್ 27ರಂದು ನಾರ್ವೆಯ ಗ್ರೋಟ್ಲಿಯ ಬಳಿ, ಬ್ರಿಟಿಷ್ ವಿಮಾನವೊಂದು ಹೊಡೆದುರುಳಿಸಿದ ಜರ್ಮನ್ ವಿಮಾನದವರೂ, ತಮ್ಮ ವಿಮಾನವೂ ಕೆಟ್ಟು ಹಿಮದಲ್ಲಿ ಇಳಿಯಬೇಕಾಗಿ ಬಂದ ಬ್ರಿಟಿಷರೂ ಬೇಟೆಗಾರರ ಒಂದು ಗುಡಿಸಲಿನಲ್ಲಿ ಎದುರುಬದುರಾದರು. ತಾವೇ ಹೊಡೆದುರುಳಿಸಿದವರೆಂಬ ಸಂಗತಿಯನ್ನು ಬ್ರಿಟಿಷರು ಮರೆಮಾಚಿದರು; ಆದರೂ ಆಶ್ರಯಕ್ಕೆ ಜಗಳವಾಗಲಿಲ್ಲ, ಮರುದಿನ ಬೆಳಿಗ್ಗೆ ಇದ್ದ ಆಹಾರವನ್ನು ಹಂಚಿಕೊಂಡು ತಿಂದರು. ಯುದ್ಧ ಮಾತ್ರ ಅವರಿಗಾಗಿ ನಿಲ್ಲಲಿಲ್ಲ. ಬ್ರಿಟಿಷ್ ಕ್ಯಾಪ್ಟನ್ ಪಾರ್ಟ್ರಿಜ್ ಮತ್ತು ಜರ್ಮನ್ ಪೈಲಟ್ ಶೋಪಿಸ್ ಸ್ನೇಹಿತರಾಗಿ ಭೇಟಿಯಾದದ್ದು 1977ರಲ್ಲಿ. ಅಂಥ ಸ್ನೇಹ ಬರುವುದಾದರೆ ತನ್ನ ಕಾಲಕ್ಕೆ ಬರಲಿ; ಗುಡಿಸಲಿನಿಂದ ಹೊರಬಿದ್ದ ದಿನವೇ ಅದನ್ನು ಕೇಳುವ ಹಕ್ಕು ಯಾರಿಗಿದೆ?

ಆಲೂರು, ಸಕಲೇಶಪುರದ ತೋಟಗಳಲ್ಲಿ ಇದನ್ನು ನಾವು ದೂರದಿಂದ ಓದಿ ತಿಳಿಯಬೇಕಾಗಿಲ್ಲ. ಆನೆ ಹಿಂಡು ಕೆರೆ ದಾಟಿತೆಂದರೆ, ಮಾತು ಬಿಟ್ಟ ನೆರೆಯವನಿಗೂ ರಾತ್ರಿಯೇ ಫೋನು ಹೋಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಬರುವ ಆಳುಗಳ ಜೀವ ಎರಡು ತೋಟಗಳಿಗೂ ಸೇರಿದ್ದು. ಬೇಲಿಯ ತಕರಾರು ಮರುದಿನವೂ ಇರುತ್ತದೆ. ಆ ಫೋನನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಗಡಿಕಲ್ಲು ಎಲ್ಲಿರಬೇಕೆಂಬುದನ್ನು ಸರ್ವೆಯ ಅಳತೆ ಹೇಳಬೇಕು. ಜೀವ ಉಳಿಸಿದವನಿಗೆ ಪ್ರತಿಯಾಗಿ ಜಮೀನು ಬಿಟ್ಟುಕೊಡಲೇಬೇಕೆಂದರೆ, ಆ ಉಪಕಾರಕ್ಕೆ ನಾವೇ ಬೆಲೆ ಕಟ್ಟಿದಂತಾಗುತ್ತದೆ. ಮುಂದೆ ಕಾಡಿನಲ್ಲಿ ಕೈ ಚಾಚುವ ಮೊದಲು ಜನ ಅದರ ಲೆಕ್ಕ ಹಾಕಬೇಕಾದೀತು. ತಮ್ಮ ಪತ್ರದಲ್ಲಿ ಪ್ರಸ್ತಾಪವಾಗದ ಒಂದು ಸಂಗತಿಯೂ ಕತೆಯ ಅದೇ ಕೊನೆಯ ಪುಟದಲ್ಲಿದೆ: ಮೊಕದ್ದಮೆ ಹೂಡಿದವನೇ, ಎದುರಾಳಿಯ ಮುರಿದ ಕಾಲಿನ ಪ್ಲಾಸ್ಟರು ಇನ್ನೂ ಬಿಚ್ಚಿಲ್ಲವೆಂದು ತಾನಾಗಿ ವಾಯಿದೆ ಕೇಳುತ್ತಾನೆ. ಕತೆಯನ್ನು ಆರಿಸಿಕೊಳ್ಳುವಾಗ ನನ್ನ ಮನಸ್ಸನ್ನು ಒಲಿಸಿದ್ದು ಆ ಒಂದು ಸಾಲು. ತಮ್ಮ ಪತ್ರವನ್ನು ಕತೆಗಾರರಿಗೂ ಕಳುಹಿಸಿದ್ದೇನೆ.

— ಸಂಪಾದಕ