ಹಳೆಯ ಸೋಲ್ (ಅಮೆರಿಕದ ಕಪ್ಪು ಜನರ ಸಂಗೀತಶೈಲಿ) ಹಾಡುಗಳ ತುಂಬಿದ ಸದ್ದು ಬೇಕು. ಶೇಕರ್ (ಅಲ್ಲಾಡಿಸುವ ಗಿಲಕಿ), ಕಾಂಗಾ ಡ್ರಮ್ಮಿನ ಲೂಪ್ (ಮರುಕಳಿಸುವ ತುಣುಕು) ಹಾಕಿದರೂ ನನ್ನ ಮಿಕ್ಸ್, ಅಂದರೆ ಎಲ್ಲ ಸದ್ದು ಬೆರೆಸಿದ ಹಾಡು, ಬಡಕಲಾಗೇ ಇದೆ. ಇನ್ನೇನು ಸೇರಿಸಲಿ?

ಇನ್ನೇನೂ ಸೇರಿಸಬೇಡಿ. ನಾನೂ ಇದೇ ದಾರಿ ಹಿಡಿದು ಒಂದು ಒಳ್ಳೇ ಹಾಡು ಕಳೆದುಕೊಂಡಿದ್ದೇನೆ.

ಸ್ನೇಹಿತರ ಬ್ಯಾಂಡ್ ಒಂದು ಮೋಟೌನ್ (ಸೋಲ್ ಹಾಡುಗಳ ರೆಕಾರ್ಡ್ ಕಂಪನಿ) ಧಾಟಿಯ ಹಾಡು ಮಾಡಿ, ಮಿಕ್ಸ್ ನನಗೆ ಒಪ್ಪಿಸಿತ್ತು. ಟ್ಯಾಂಬುರಿನ್ (ಅಂಚಿಗೆ ಲೋಹದ ಬಿಲ್ಲೆ ಕಟ್ಟಿದ ಕೈವಾದ್ಯ) ಹುಡುಗ ಡ್ರಮ್ ಸೆಟ್ಟಿನ ಸ್ನೇರ್‌ಗಿಂತ ಕೂದಲೆಳೆಯಷ್ಟು ತಡವಾಗಿ ಬಾರಿಸಿದ್ದ. ಅದು ತಾಳ ತಪ್ಪಿದ್ದು ಅಂದುಕೊಂಡು ಒಂದೊಂದು ಪೆಟ್ಟನ್ನೂ ಎಳೆದು ಕಂಪ್ಯೂಟರ್ ಪರದೆಯ ತಾಳದ ಗೆರೆಗಳ, ಅಂದರೆ ಗ್ರಿಡ್ ಮೇಲೆ ಕೂರಿಸಿದೆ. ಎರಡೂ ಒಂದೇ ಕ್ಷಣಕ್ಕೆ ಬಿದ್ದರೆ ಸ್ನೇರ್‌ನ ಹೊಡೆತ ಟ್ಯಾಂಬುರಿನ್‌ನ ಮೊದಲ ಪೆಟ್ಟನ್ನು ನುಂಗಿಬಿಡುತ್ತದೆ. ಉಳಿಯುವುದು ಬಿಲ್ಲೆಗಳ ಝಣಝಣ ಮಾತ್ರ. ಕೇಳಿಸುತ್ತಿಲ್ಲವಲ್ಲ ಎಂದು ಅದರ ಫೇಡರ್ (ಸದ್ದಿನ ಮಟ್ಟದ ಹಿಡಿ) ಏರಿಸಿದೆ. ಆ ಝಣಝಣ ಗಾಯಕಿಯ ಸ, ಶ, ಚ ಅಕ್ಷರಗಳ ಜಾಗಕ್ಕೇ ನುಗ್ಗಿತು. ಅವಳ ಉಚ್ಚಾರ ಮಸುಕಾಯಿತೆಂದು ದನಿಗೆ ಟ್ರೆಬಲ್ ಕೊಟ್ಟೆ, ಸಕಾರ ಕಿವಿಗೆ ಚುಚ್ಚತೊಡಗಿತು. ಅದನ್ನು ತಗ್ಗಿಸಲು ಡಿ-ಎಸ್ಸರ್ ಹಾಕಿದೆ, ದನಿಯ ಜೀವವೇ ಹೋಯಿತು. ಇಷ್ಟಕ್ಕೂ ಮೂಲ ಆ ಎಳೆದು ಕೂರಿಸಿದ್ದೇ. ಹಳೆಯ ಟೇಕ್ (ಮೊದಲ ಮುದ್ರಣ) ಮೇಲೇ ಸೇವ್ ಮಾಡಿದ್ದರಿಂದ ವಾಪಸ್ ಹೋಗುವಂತೆಯೂ ಇರಲಿಲ್ಲ. ಬ್ಯಾಂಡ್ ಹಾಡನ್ನು ಬೇರೊಬ್ಬರಿಗೆ ಕೊಟ್ಟಿತು.

ಆಮೇಲೆ ಹಳೆಯ ರೆಕಾರ್ಡುಗಳನ್ನು ಕೂತು ಕೇಳಿದೆ. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ 1965ರಲ್ಲಿ ಮುದ್ರಿಸಿದ ಗಾಯಕ ವಿಲ್ಸನ್ ಪಿಕೆಟ್‌ನ ‘ಇನ್ ದ ಮಿಡ್‌ನೈಟ್ ಅವರ್’ ಹಾಕಿ. ಡ್ರಮ್ಮರ್ ಆಲ್ ಜಾಕ್ಸನ್ ಎರಡನೇ, ನಾಲ್ಕನೇ ಎಣಿಕೆಯ ಪೆಟ್ಟನ್ನು ಬೇಕೆಂದೇ ತಡೆದು ಹಿಡಿದಿದ್ದಾನೆ. ನಾನು ಅಳಿಸಿಹಾಕಿದ್ದು ಅಂಥ ತಡವನ್ನೇ! ಸುಪ್ರೀಮ್ಸ್‌ನ ‘ವೇರ್ ಡಿಡ್ ಅವರ್ ಲವ್ ಗೋ’ (1964) ಹಾಡಲ್ಲಿ ಚಪ್ಪಾಳೆ ಅನಿಸುವುದು ಹಲಗೆಯ ಮೇಲೆ ಕಾಲು ಬಡಿದ ಸದ್ದು. ‘ನೋವೇರ್ ಟು ರನ್’ (1965) ಹಾಡಿನಲ್ಲಿ ಹಿಮದಲ್ಲಿ ಕಾರಿನ ಚಕ್ರಕ್ಕೆ ಸುತ್ತುವ ಸರಪಳಿಯನ್ನೇ ತಾಳಕ್ಕೆ ಬಳಸಿದ್ದಾರೆ. ಡೆಟ್ರಾಯಿಟ್‌ನ ಮೋಟೌನ್‌ನಲ್ಲಿ ಜ್ಯಾಕ್ ಆಶ್‌ಫರ್ಡ್‌ನ ಟ್ಯಾಂಬುರಿನ್, ಎಡ್ಡಿ ಬ್ರೌನ್‌ನ ಕಾಂಗಾ, ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ನುಡಿಸುತ್ತಿದ್ದರು. ಒಂದು ವಾದ್ಯದ ಸದ್ದು ಇನ್ನೊಂದರ ಮೈಕಿಗೆ ಸೋರುತ್ತಿತ್ತು. ಸ್ಟುಡಿಯೋ ಇದ್ದದ್ದು ಒಂದು ಮನೆಯಲ್ಲಿ, ಪ್ರತಿಧ್ವನಿಗೆ ಅದರ ಅಟ್ಟವೇ ಇತ್ತು. ಕಾರಿನ ಸಣ್ಣ ರೇಡಿಯೋದಲ್ಲೂ ಹಾಡು ಎದ್ದು ಕೇಳಬೇಕೆಂಬುದು ಅವರ ಲೆಕ್ಕ. ಬಿಲ್ಲೆಗಳ ತಾರಸದ್ದು ಅಲ್ಲಿ ಸಲೀಸಾಗಿ ಕೇಳುತ್ತದೆ, ಆದ್ದರಿಂದ ಅದನ್ನು ಜೋರು ಮಾಡುವ ಅಗತ್ಯವೇ ಇಲ್ಲ.

ಪ್ಲಗಿನ್ (ಸದ್ದು ತಿದ್ದುವ ಸಾಫ್ಟ್‌ವೇರ್) ಕೊಳ್ಳುವ ಯೋಚನೆ ಇದ್ದರೆ ಬಿಡಿ. ಶೇಕರ್, ಲೂಪ್ ಎರಡನ್ನೂ ಮ್ಯೂಟ್ ಮಾಡಿ. ಒಬ್ಬ ಮನುಷ್ಯನ ಕೈಗೆ ಟ್ಯಾಂಬುರಿನ್ ಕೊಟ್ಟು, ಮೈಕಿನಿಂದ ನಾಲ್ಕಾರು ಹೆಜ್ಜೆ ದೂರ ನಿಲ್ಲಿಸಿ, ಪಲ್ಲವಿಗೆ ಮಾತ್ರ ನುಡಿಸಲು ಹೇಳಿ. ಮಿಕ್ಸ್ ಮಾಡುವಾಗ ಫೇಡರನ್ನು ಕೆಳಗಿನಿಂದ ಮೆಲ್ಲಗೆ ಏರಿಸಿ, ಗಾಯಕರ ಒಂದು ಸಕಾರ ಮಂಕಾದರೂ ಅಲ್ಲಿಂದ ಇಳಿಸಿ. ಟ್ಯಾಂಬುರಿನ್‌ನವನು ತಾಳದ ಹಿಂದೆ ಬಿದ್ದರೆ ಬೀಳಲಿ, ಮುಟ್ಟಬೇಡಿ. ಮೂಲ ಟೇಕಿನ ನಕಲು ಮೊದಲೇ ಬೇರೆ ಕಡೆ ಇಟ್ಟಿರಿ.