ಎಂಟು ಮೈಕ್‌ಗಳ ತಾಳಮದ್ದಳೆ: ಸಂಕಲನ ಬೇಗ ಮುಗಿಯುವುದು ಹೇಗೆ?

ಪ್ರಶ್ನೆ: ನಮ್ಮ ಸಂಘದ ತಾಳಮದ್ದಳೆಗಳನ್ನು ರೀಪರ್ ಎಂಬ ಧ್ವನಿ ಸಂಕಲನ ತಂತ್ರಾಂಶದಲ್ಲಿ ಎಂಟು ಟ್ರ್ಯಾಕ್‌ಗಳಾಗಿ ಮುದ್ರಿಸಿಕೊಳ್ಳುತ್ತೇನೆ. ಮೂರು ಗಂಟೆಯ ಪ್ರಸಂಗವನ್ನು ಚೊಕ್ಕಟ ಮಾಡಿ ಯೂಟ್ಯೂಬ್‌ಗೆ ಹಾಕುವಷ್ಟರಲ್ಲಿ ವಾರ ಕಳೆದಿರುತ್ತದೆ. ಒಂದೊಂದೇ ಟ್ರ್ಯಾಕ್ ಕತ್ತರಿಸುತ್ತಾ ಹೋಗುತ್ತೇನೆ. ಕೆಲವೊಮ್ಮೆ ಚಂಡೆಗೂ ಮದ್ದಳೆಗೂ ತಾಳ ತಪ್ಪಿದಂತೆ ಕೇಳುತ್ತದೆ. ಏನು ಮಾಡಲಿ? – ಓದುಗರು, ಕುಂದಾಪುರ

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಕಾರಣವಿದೆ. ಒಂದೊಂದೇ ಟ್ರ್ಯಾಕ್ ಕತ್ತರಿಸಿದಾಗ ಒಂದರಲ್ಲಿ ಕೂದಲೆಳೆಯಷ್ಟು ಹೆಚ್ಚು ಹೋದರೂ ಅಲ್ಲಿಂದ ಮುಂದಿನ ಇಡೀ ಪ್ರಸಂಗದಲ್ಲಿ ಆ ಟ್ರ್ಯಾಕ್ ಉಳಿದವುಗಳಿಗಿಂತ ಮುಂದೆ ಓಡುತ್ತದೆ. ಹಿಮ್ಮೇಳದವರು ಅಷ್ಟು ಹದವಾಗಿ ಹಿಡಿದ ತಾಳ ನಮ್ಮ ಕೈಯಲ್ಲಿ ಕೆಡಬಾರದು. ಆದ್ದರಿಂದ ಕಡತ ತೆರೆದ ಕೂಡಲೇ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ತುಣುಕುಗಳನ್ನೂ ಆಯ್ದುಕೊಂಡು ಜಿ ಒತ್ತಿ. ಎಂಟೂ ಒಂದೇ ಗುಂಪಾಗುತ್ತವೆ. ಇನ್ನು ಎಸ್ ಒತ್ತಿದಲ್ಲಿ ಎಂಟೂ ಒಟ್ಟಿಗೆ ತುಂಡಾಗುತ್ತವೆ, ಎಳೆದರೆ ಒಟ್ಟಿಗೆ ಸರಿಯುತ್ತವೆ.

ಮೊದಲ ಸಲ ಕೇಳುವಾಗ ಕತ್ತರಿಯನ್ನು ಮುಟ್ಟಲೇಬೇಡಿ. ಪೂರ್ತಿ ಕೇಳಿಸಿಕೊಳ್ಳುತ್ತಾ, ಸರಿಪಡಿಸಬೇಕಾದಲ್ಲಿ ಎಂ ಒತ್ತಿ ಗುರುತು ಹಾಕುತ್ತಾ ಹೋಗಿ. ಧ್ವನಿ ನಿಲ್ಲುವುದಿಲ್ಲ, ನಿಮ್ಮ ಗಮನವೂ ಕದಡುವುದಿಲ್ಲ. ಆಮೇಲೆ ಚೌಕ ಆವರಣದ ಕೀಲಿಗಳಿಂದ ಒಂದು ಗುರುತಿನಿಂದ ಇನ್ನೊಂದಕ್ಕೆ ಜಿಗಿಯಬಹುದು. ಮೂರು ಗಂಟೆ ಕೇಳುವುದು ವ್ಯರ್ಥವೆಂದು ಅನ್ನಿಸಬಹುದು. ಆದರೆ ಅಲ್ಲಲ್ಲಿ ನಿಲ್ಲಿಸಿ, ಹಿಂದೆ ಸರಿದು, ಮತ್ತೆ ಕೇಳಿ ಕತ್ತರಿಸುವವರು ಅದೇ ಮೂರು ಗಂಟೆಯನ್ನು ಹಲವು ಪಟ್ಟು ಕೇಳಿರುತ್ತಾರೆ.

ತೆಗೆಯಬೇಕಾದ ಭಾಗಕ್ಕೆ, ಅಂದರೆ ಸನ್ಮಾನದ ಘೋಷಣೆಗೋ ವಿದ್ಯುತ್ ಹೋದ ಹೊತ್ತಿಗೋ, ಮೇಲಿನ ಕಾಲಪಟ್ಟಿಯಲ್ಲಿ ಎಳೆದು ಸಮಯವನ್ನು ಆಯ್ದುಕೊಳ್ಳಿ. ಪ್ರಶ್ನಾರ್ಥಕ ಚಿಹ್ನೆಯ ಕೀಲಿ ಒತ್ತಿದರೆ ರೀಪರ್‌ನ ಆಜ್ಞೆಗಳ ಪಟ್ಟಿ ತೆರೆಯುತ್ತದೆ. ಆಯ್ದ ಸಮಯವನ್ನು ತೆಗೆದು ಮುಂದಿನದನ್ನೆಲ್ಲ ಹಿಂದಕ್ಕೆ ಸೇರಿಸುವ ಆಜ್ಞೆ ಅದರಲ್ಲಿದೆ, ಅದಕ್ಕೆ ನಿಮಗೆ ಬೇಕಾದ ಕೀಲಿ ಕೊಟ್ಟುಕೊಳ್ಳಿ. ಎಂಟು ಟ್ರ್ಯಾಕ್‌ಗಳ ಕೆಲಸ ಒಂದೇ ಒತ್ತಿಗೆ ಮುಗಿಯುತ್ತದೆ.

ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಮಾತ್ರ ಅವಸರ ಬೇಡ. ತಾಳಮದ್ದಳೆಯಲ್ಲಿ ಶ್ರುತಿ ನಿಲ್ಲುವುದೇ ಇಲ್ಲ. ಅರ್ಥಧಾರಿ ಉಸಿರು ತೆಗೆದುಕೊಳ್ಳುವ ಮೌನದಲ್ಲೂ ಅದು ಹಿಂದೆ ಹರಿಯುತ್ತಿರುತ್ತದೆ. ಹಾಗಾಗಿ ಮಾತು ನಿಂತಲ್ಲಿ ಕತ್ತರಿಸಿದರೂ ಶ್ರುತಿಯಲ್ಲಿ ‘ಟಿಕ್’ ಎಂಬ ಸದ್ದು ಕೇಳಬಹುದು. ಎರಡು ತುದಿಗಳನ್ನು ಒಂದರ ಮೇಲೊಂದು ಬರುವಂತೆ 30ರಿಂದ 50 ಮಿಲಿಸೆಕೆಂಡ್ ಬೆಸೆಯಿರಿ, ಸದ್ದು ಮಾಯವಾಗುತ್ತದೆ. ಪದ್ಯದ ನಡುವೆ ಕತ್ತರಿಸಲೇಬೇಕಾದರೆ ತಾಳದ ಪೆಟ್ಟಿಗೆ ಸ್ವಲ್ಪ ಮುಂಚೆ ಕತ್ತರಿಸಿ, ಇನ್ನೊಂದು ಆವರ್ತದ ಅದೇ ಪೆಟ್ಟಿಗೆ ಕೂಡಿಸಿ.

ಈಗ ಮಿಶ್ರಣ. ನಿಮ್ಮ ದೊಡ್ಡ ತೊಂದರೆ ಚಂಡೆಯೇ ಇರಬೇಕು. ಅದು ಎಲ್ಲ ಮೈಕ್‌ಗಳಿಗೂ ನುಗ್ಗುತ್ತದೆ. ಚಂಡೆಯಿಂದ ಮೂರು ಮೀಟರ್ ದೂರದ ಮೈಕ್‌ಗೆ ಸದ್ದು ತಲುಪಲು ಸುಮಾರು 9 ಮಿಲಿಸೆಕೆಂಡ್ ಬೇಕು. ಹಾಗೆ ತಡವಾಗಿ ಬಂದ ಪೆಟ್ಟುಗಳು ಚಂಡೆಯ ಸ್ವಂತ ಮೈಕ್‌ನ ಪೆಟ್ಟಿನೊಂದಿಗೆ ಬೆರೆತಾಗ ಅದರ ಮೊನಚು ಮಂಕಾಗುತ್ತದೆ. ಈಕ್ವಲೈಜರ್ ತಿರುಗಿಸಿ ಇದನ್ನು ಸರಿಪಡಿಸಲಾಗದು. ಭಾಗವತರು ಪದ್ಯ ಹೇಳುವಾಗ ಅರ್ಥಧಾರಿಗಳ ಮೈಕ್‌ಗಳನ್ನು ತಗ್ಗಿಸುವುದೇ ಮದ್ದು.

ಅದಕ್ಕಾಗಿ ಅರ್ಥಧಾರಿಗಳ ಟ್ರ್ಯಾಕ್‌ಗಳನ್ನು ಒಂದರ ಕೆಳಗೊಂದು ಜೋಡಿಸಿಡಿ. ಜೋಡಣೆ ಚಿಕ್ಕ ಸಂಗತಿ, ಆದರೆ ಅರ್ಧ ಕೆಲಸ ಅದರಿಂದಲೇ ಉಳಿತಾಯವಾಗುತ್ತದೆ. ಸಮಯ ಕತ್ತರಿಸುವ ಕೆಲಸವೆಲ್ಲ ಮುಗಿದ ಮೇಲೆ ಎಲ್ಲವನ್ನೂ ಆಯ್ದು ಯು ಒತ್ತಿ ಗುಂಪು ಬಿಡಿಸಿ. ಪದ್ಯದ ಸಮಯವನ್ನು ಆಯ್ದುಕೊಂಡು, ಮೌಸ್‌ನ ಬಲಗುಂಡಿಯನ್ನು ಒತ್ತಿ ಎಳೆದು ಅರ್ಥಧಾರಿಗಳ ತುಣುಕುಗಳನ್ನು ಒಂದೇ ಚೌಕದಲ್ಲಿ ಹಿಡಿಯಿರಿ. ಶಿಫ್ಟ್ ಮತ್ತು ಎಸ್ ಒತ್ತಿದರೆ ಆ ಸಮಯದ ಎರಡೂ ಅಂಚಿನಲ್ಲಿ ಅವು ತುಂಡಾಗುತ್ತವೆ. ನಡುವಿನ ತುಂಡುಗಳನ್ನು ಆಯ್ದು, ಯಾವುದಾದರೊಂದರ ಮೇಲಂಚನ್ನು ಕೆಳಕ್ಕೆಳೆಯಿರಿ, ಉಳಿದವೂ ಜತೆಗೆ ತಗ್ಗುತ್ತವೆ. 10ರಿಂದ 12 ಡೆಸಿಬೆಲ್ ಸಾಕು. ಪೂರ್ತಿ ಅಳಿಸಿದರೆ ಸಭೆಯ ಗಾಳಿಯೇ ನಿಂತಂತಾಗಿ ಕೇಳುಗರಿಗೆ ಕಿರಿಕಿರಿಯಾಗುತ್ತದೆ. ಒಂದೇ ಮೈಕ್‌ನಲ್ಲಿ ಬಿದ್ದ ಕೆಮ್ಮು, ಮೈಕ್ ತಾಗಿದ ಸದ್ದು ಇಂಥವನ್ನು ಮಾತ್ರ ಅಳಿಸಿ. ಆಲ್ಟ್ ಒತ್ತಿಕೊಂಡು ಬಲಗುಂಡಿಯಿಂದ ಅದರ ಮೇಲೆ ಎಳೆದು ಡಿಲೀಟ್ ಒತ್ತಿದರಾಯಿತು.

ಅರ್ಥಧಾರಿಗಳ ದನಿಯ ಏರಿಳಿತವನ್ನೂ ತುಣುಕಿನ ಮಟ್ಟದಲ್ಲೇ ಹದಗೊಳಿಸಿ. ತುಣುಕಿನ ಮಟ್ಟ ಬದಲಾದರೆ ಜೋರು ದನಿಯನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್‌ಗೆ ಹೋಗುವ ದನಿ ಬದಲಾಗುತ್ತದೆ. ಟ್ರ್ಯಾಕ್‌ನ ದನಿ ಏರಿಳಿಸುವ ಫೇಡರ್ ಬರುವುದು ಕಂಪ್ರೆಸರ್ ಆದಮೇಲೆ. ಪಿಸುಮಾತಿನ ಕೃಷ್ಣನಿಗೂ ಅಬ್ಬರಿಸುವ ಕೌರವನಿಗೂ ಒಂದೇ ಕಂಪ್ರೆಸರ್ ಹಾಕಿ ಫೇಡರ್ ಎಷ್ಟು ಎಳೆದಾಡಿದರೂ ಕೌರವನ ಅಬ್ಬರ ಹಿಸುಕಿಹೋಗುತ್ತದೆ. ಆ ಅಬ್ಬರಕ್ಕಾಗಿಯೇ ಜನ ಕೂತು ಕೇಳುತ್ತಾರೆ.

ಕೊನೆಗೆ ಹಿಮ್ಮೇಳಕ್ಕೊಂದು, ಮುಮ್ಮೇಳಕ್ಕೊಂದು ಫೋಲ್ಡರ್ ಟ್ರ್ಯಾಕ್ ಮಾಡಿ, ಎಂಟು ಫೇಡರ್‌ಗಳ ಬದಲು ಎರಡನ್ನೇ ನೋಡಿಕೊಳ್ಳಿ. ಹಿಮ್ಮೇಳದ ಫೋಲ್ಡರ್ ಅನ್ನು ‘ಟಚ್’ ವಿಧಾನದಲ್ಲಿಟ್ಟು ಮೊದಲಿನಿಂದ ಕೇಳುತ್ತಾ, ಅದು ಮಾತನ್ನು ಮುಚ್ಚುವಲ್ಲಿ ಕೈಯಿಂದಲೇ ಫೇಡರ್ ತಗ್ಗಿಸಿ, ಆ ಚಲನೆ ದಾಖಲಾಗುತ್ತದೆ. ಫೇಡರ್ ಬಿಟ್ಟೊಡನೆ ಅದು ಹಳೆಯ ಮಟ್ಟಕ್ಕೆ ಮರಳುತ್ತದೆ. ಎಲ್ಲ ಮುಗಿದ ಮೇಲೆ ತುಣುಕುಗಳನ್ನು ತೆಗೆದು, ಖಾಲಿ ಟ್ರ್ಯಾಕ್‌ಗಳನ್ನು ಫೋಲ್ಡರ್, ಕಂಪ್ರೆಸರ್ ಸಮೇತ ಟೆಂಪ್ಲೇಟ್ ಆಗಿ ಉಳಿಸಿಕೊಳ್ಳಿ. ಮುಂದಿನ ಕೂಟಕ್ಕೆ ಅಲ್ಲಿಂದಲೇ ಆರಂಭಿಸಬಹುದು.

ಪ್ರಶ್ನೆ: ಇಬ್ಬರ ಸಂದರ್ಶನದ ಪಾಡ್‌ಕಾಸ್ಟ್ ಮಾಡುತ್ತೇನೆ. ನಡುವಿನ ಮೌನಗಳನ್ನು ತಾನಾಗಿಯೇ ತೆಗೆದುಹಾಕುವ ಸೌಲಭ್ಯ ಬಳಸಬಹುದೇ? – ಓದುಗರು, ಬೆಂಗಳೂರು

ಉತ್ತರ: ತುಂಡರಿಸಲು ಬಳಸಿ, ತೆರಪು ಮುಚ್ಚಲು ಬೇಡ. ರೀಪರ್‌ನಲ್ಲಿ ತುಣುಕನ್ನು ಆಯ್ದು ಡಿ ಒತ್ತಿದರೆ ತೆರೆಯುವ ಕಿಟಕಿಯ ಮೂಲಕ ಮಾತು ಮತ್ತು ಮೌನವನ್ನು ತಾನಾಗಿಯೇ ಬೇರ್ಪಡಿಸಿಕೊಳ್ಳಬಹುದು. ಆದರೆ ಒಬ್ಬರ ಮೌನವೆಂದರೆ ಇನ್ನೊಬ್ಬರ ಮಾತು. ಒಂದೇ ಟ್ರ್ಯಾಕ್‌ನ ತೆರಪು ಮುಚ್ಚಿದರೆ ಪ್ರಶ್ನೆಗೆ ಮೊದಲೇ ಉತ್ತರ ಬಂದುಬಿಡುತ್ತದೆ. ಜತೆಗೆ, ಅತಿಥಿಯೊಬ್ಬರು ಯೋಚಿಸಿ ತಡೆದು ಹೇಳಿದ ಮಾತಿನ ತೂಕ ಆ ತಡೆಯಲ್ಲೇ ಇರುತ್ತದೆ. ಅದು ಎಲ್ಲೆಲ್ಲಿ ಉಳಿಯಬೇಕೆಂಬುದನ್ನು ಕೇಳಿಯೇ ತೀರ್ಮಾನಿಸಿ.

ಪ್ರಶ್ನೆ: ಯೂಟ್ಯೂಬ್‌ಗೆ ಹಾಕುವ ಧ್ವನಿ ಎಷ್ಟು ಜೋರಾಗಿರಬೇಕು? – ಓದುಗರು, ಶಿರಸಿ

ಉತ್ತರ: ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಧ್ವನಿ ಒಟ್ಟಾರೆ ಎಷ್ಟು ಜೋರು ಎಂದು ಅಳೆಯುವ ಮಾನ) ಮಟ್ಟಕ್ಕಿಂತ ಜೋರಿದ್ದರೆ ಯೂಟ್ಯೂಬ್ ಅದನ್ನು ತಗ್ಗಿಸಿ ಕೇಳಿಸುತ್ತದೆ, ಆದ್ದರಿಂದ ಪೆಟ್ಟುಗಳನ್ನು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿ ಹಿಂಡಿ ಲಾಭವಿಲ್ಲ. ಅತಿ ಎತ್ತರದ ಪೆಟ್ಟು ಮೈನಸ್ 1 ಡೆಸಿಬೆಲ್ ದಾಟದಿರಲಿ. ಚಂಡೆ, ಡೊಳ್ಳುಗಳಂಥ ವಾದ್ಯಗಳಿದ್ದಾಗ ಮೈನಸ್ 16ರ ಆಸುಪಾಸಿನಲ್ಲಿ ನಿಲ್ಲಿಸಿದರೂ ಅಡ್ಡಿಯಿಲ್ಲ. ಕೇಳುಗರು ದನಿ ಸ್ವಲ್ಪ ಏರಿಸಿಕೊಳ್ಳುತ್ತಾರೆ, ಪೆಟ್ಟಿನ ಗತ್ತು ಉಳಿಯುತ್ತದೆ.